ಹಳ್ಳದ ಲೆಕ್ಕ, ಕಡಲ ಲೆಕ್ಕ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಸರೋವರಗಳ ಸೀಮೆಯೆಂದು ಹೆಸರಾದ ಗುಡ್ಡಗಾಡೊಂದಿದೆ. ಅಲ್ಲಿ ಹರಿಯುವ ಒಂದು ಸಣ್ಣ ನೀರಿಗೆ ಬ್ಲ್ಯಾಕ್ ಬ್ರೌಸ್ ಬೆಕ್ ಎಂದು ಹೆಸರು. ಬೆಕ್ ಎಂದರೆ ಆ ಕಡೆಯ ಆಡುಮಾತಿನಲ್ಲಿ ಹಳ್ಳ. ನಮ್ಮ ಮಲೆನಾಡಿನವರು ಕಂಡರೆ ಅದನ್ನು ಹಳ್ಳವೆನ್ನಲೂ ಒಪ್ಪಲಿಕ್ಕಿಲ್ಲ. ಹೆಚ್ಚಿನ ಕಡೆ ಒಂದೇ ದಾಪುಗಾಲಿಗೆ ದಾಟಬಹುದಾದ ತೊರೆ ಅದು. ಈ ತೊರೆಯ ಒಂದು ತುಂಡಿನಲ್ಲಿ ಎಷ್ಟು ಟ್ರೌಟ್ ಮೀನುಗಳಿವೆ ಎಂಬುದನ್ನು ಜೆ. ಎಂ. ಎಲಿಯಟ್ ಎಂಬ ವಿಜ್ಞಾನಿ 1960ರ ದಶಕದ ನಡುವಿನಲ್ಲಿ ಎಣಿಸಲು ತೊಡಗಿದರು. ವಿಂಡರ್‌ಮಿಯರ್ ಸರೋವರದ ದಂಡೆಯ ಫ್ರೆಶ್‌ವಾಟರ್ ಬಯಾಲಾಜಿಕಲ್ ಅಸೋಸಿಯೇಷನ್ ಅವರ ಸಂಸ್ಥೆ. ವರ್ಷಕ್ಕೆರಡು ಸಲ, ಬೇಸಿಗೆಯ ಮೊದಲಿಗೊಮ್ಮೆ, ಕೊನೆಗೊಮ್ಮೆ, ನೀರಿಗೆ ಹಗುರವಾಗಿ ವಿದ್ಯುತ್ ಹಾಯಿಸಿ, ಮಂಕು ಕವಿದ ಮೀನುಗಳನ್ನು ಬಲೆಯಲ್ಲೆತ್ತಿ, ಅಳೆದು, ತೂಗಿ, ಮತ್ತೆ ನೀರಿಗೆ ಬಿಡುವುದು. ಇದೇ ಕೆಲಸ ಮೂವತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಅಷ್ಟು ಸಣ್ಣ ನೀರಿಗೆ ಅಷ್ಟು ದೊಡ್ಡ ಲೆಕ್ಕವೇ ಎಂದು ನಗು ಬರಬಹುದು. ಆದರೆ ಹೊಳೆಯಲ್ಲಿ ಮೀನು ಕಡಿಮೆಯಾಯಿತು ಎಂಬ ಕೂಗೆದ್ದಾಗಲೆಲ್ಲ ಜಗತ್ತಿನ ಯಾವ ಮೂಲೆಯಲ್ಲೂ ಮೊದಲು ಬಾಯಿಗೆ ಬರುವ ಮಾತು ಒಂದೇ: ಮರಿ ತಂದು ಬಿಡಿ. ಈ ಮಾತು ಬಹಳ ಸಲ ತಪ್ಪು ಮಾತು ಎಂಬುದು ಈ ಭಾಷಣದ ವಾದ. ಆ ವಾದಕ್ಕೆ ಎಲಿಯಟ್ಟರ ತೊರೆಗಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಮೊದಲು ಮೀನಿನ ಪರಿಚಯವಾಗಲಿ. ಟ್ರೌಟ್ ನಮ್ಮ ನೀರಿನ ಮೀನಲ್ಲ. ನೀಲಗಿರಿಯಲ್ಲೂ ಕಾಶ್ಮೀರದಲ್ಲೂ ಈಗ ಇರುವ ಟ್ರೌಟ್ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ಬಂದದ್ದು. ಯುರೋಪಿನ ಹೊಳೆಗಳಲ್ಲಿ ಇದು ಹುಟ್ಟುಮೀನು. ಅಲ್ಲಿನ ಗಾಳದವರು ಹಿಂದಿನಿಂದಲೂ ಎರಡು ಹೆಸರಿಟ್ಟುಕೊಂಡಿದ್ದಾರೆ. ಹುಟ್ಟಿದ ಹಳ್ಳದಲ್ಲೇ ಬಾಳಿ ಸಾಯುವ, ಮೈಮೇಲೆ ಕೆಂಪು ಕಪ್ಪು ಚುಕ್ಕಿಗಳಿರುವ ಕಂದುಬಣ್ಣದ ಮೀನು ಬ್ರೌನ್ ಟ್ರೌಟ್. ಕಡಲಿಗಿಳಿದು, ಬೆಳ್ಳಿಯ ತಗಡಿನಂತೆ ಹೊಳೆಯುತ್ತ, ಹಲವು ಪಟ್ಟು ದಪ್ಪವಾಗಿ ಮರಳಿ ಬರುವುದು ಸೀ ಟ್ರೌಟ್. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದೇ ಜಾತಿಯೆಂದು ಯಾರೂ ಹೇಳರು. ವಿದ್ವಾಂಸರೂ ಹೇಳಲಿಲ್ಲ. 1758ರಲ್ಲಿ ಲಿನೇಯಸ್ ಟ್ರೌಟಿಗೆ ಒಂದಕ್ಕಿಂತ ಹೆಚ್ಚು ಹೆಸರು ಕೊಟ್ಟ. 1866ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ಬರ್ಟ್ ಗುಂಥರ್ ಬ್ರಿಟನ್ ಐರ್ಲೆಂಡುಗಳಲ್ಲೇ ಹತ್ತರಷ್ಟು ಪ್ರಭೇದಗಳನ್ನು ಎಣಿಸಿಬಿಟ್ಟ. ಇವತ್ತು ಅವೆಲ್ಲ ಸೇರಿ ಒಂದೇ, ಸಾಲ್ಮೋ ಟ್ರುಟ್ಟಾ. ಇದನ್ನು ಒಪ್ಪಿಸಿದ್ದು ಬರಿಯ ಪ್ರಯೋಗಾಲಯವಲ್ಲ, ಮೀನೇ ಒಪ್ಪಿಸಿತು. 1864ರಲ್ಲಿ ಇಂಗ್ಲೆಂಡಿನ ಒಳನಾಡಿನ ಹೊಳೆಗಳ ಟ್ರೌಟ್ ಮೊಟ್ಟೆಗಳು ಹಿಮದ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಟಾಸ್ಮೇನಿಯಾ ತಲುಪಿದವು. ಹಳ್ಳ ಬಿಟ್ಟು ಕದಲದ ಮೀನಿನ ಸಂತಾನವದು. ಆದರೂ ಹೊಸ ನಾಡಿನ ಹೊಳೆಗಿಳಿದ ಮೇಲೆ ಅವುಗಳ ಪೀಳಿಗೆಯಲ್ಲಿ ಕೆಲವು ಕಡಲಿನ ದಾರಿ ಹಿಡಿದವು. ಅಟ್ಲಾಂಟಿಕದ ದಕ್ಷಿಣದಲ್ಲಿರುವ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಕಳೆದ ಶತಮಾನದ ನಡುವಿನಲ್ಲಿ ಟ್ರೌಟ್ ಬಿಟ್ಟಾಗಲೂ ಹೀಗೇ ಆಯಿತು. ಹಾಗಾಗಿ ವಲಸೆ ಎಂಬುದು ಈ ಮೀನಿಗೆ ಕುಲದ ಗುರುತಲ್ಲ, ಬದುಕಿನ ಒಂದು ದಾರಿ. ಒಂದೇ ತಾಯಿಯ ಮೊಟ್ಟೆಗಳಲ್ಲಿ ಒಂದು ಊರಲ್ಲಿ ಉಳಿದೀತು, ಇನ್ನೊಂದು ಕಡಲು ಕಂಡು ಬಂದೀತು.

ಆ ದಾರಿಯನ್ನು ಮೊದಲಿನಿಂದ ನೋಡಬೇಕು. ನವೆಂಬರಿನ ಹೊತ್ತಿಗೆ ನೀರು ತಣ್ಣಗಾಗಿ ಹಳ್ಳ ತುಂಬಿದಾಗ ಹೆಣ್ಣು ಟ್ರೌಟ್ ಮೇಲಕ್ಕೆ, ಗರಸುಕಲ್ಲಿರುವ ತೆಳುನೀರಿಗೆ ಬರುತ್ತದೆ. ಪಕ್ಕಕ್ಕೆ ಹೊರಳಿ ಬಾಲದಿಂದ ನೆಲಕ್ಕೆ ಬಡಿಬಡಿದು ಗರಸನ್ನು ಎಬ್ಬಿಸುತ್ತದೆ. ಎದ್ದ ಕಲ್ಲನ್ನು ಹರಿವು ಕೆಳಗೆ ಒಯ್ದು ಗುಡ್ಡೆ ಹಾಕುತ್ತದೆ, ಮಣ್ಣು ತೊಳೆದುಹೋಗುತ್ತದೆ. ಹೀಗಾದ ಕುಳಿಯಲ್ಲಿ ಜೋಳದ ಕಾಳಿನಷ್ಟು ಗಾತ್ರದ, ಕಿತ್ತಳೆ ಬಣ್ಣದ ಮೊಟ್ಟೆಗಳು ಬೀಳುತ್ತವೆ. ಗಂಡು ಒತ್ತಿಗೆ ಬಂದು ನಿಲ್ಲುತ್ತದೆ. ಹೊಳೆಯಲ್ಲೇ ಉಳಿದ ಗೇಣುದ್ದದ ಗಂಡೊಂದು ಕಲ್ಲಿನ ಮರೆಯಿಂದ ನುಗ್ಗಿ ಕಡಲಿನಿಂದ ಬಂದ ದೊಡ್ಡ ಗಂಡಿನ ಪಾಲನ್ನು ಕದಿಯುವುದೂ ಉಂಟು. ಹೆಣ್ಣು ಸ್ವಲ್ಪ ಮುಂದೆ ಹೋಗಿ ಮತ್ತೆ ಅಗೆಯುತ್ತದೆ. ಆ ಗರಸು ಹಿಂದಿನ ಕುಳಿಯನ್ನು ಮುಚ್ಚುತ್ತದೆ. ಚಳಿಗಾಲವಿಡೀ ಮೊಟ್ಟೆಗಳು ಕಲ್ಲಿನ ಸಂದಿಯಲ್ಲಿ ಹರಿಯುವ ನೀರಿನ ಪ್ರಾಣವಾಯುವನ್ನೇ ನಂಬಿಕೊಂಡಿರುತ್ತವೆ. ಮೇಲಿನ ಹೊಲದ ಕೆಸರು ಬಂದು ಸಂದಿ ಕಟ್ಟಿತೋ, ಅವು ಅಲ್ಲೇ ಉಸಿರುಗಟ್ಟುತ್ತವೆ. ಚಳಿ ಇಳಿಯುವ ಹೊತ್ತಿಗೆ ಮೊಟ್ಟೆಯೊಡೆದು, ಹೊಟ್ಟೆಯ ಕೆಳಗೆ ಭಂಡಾರದ ಬುತ್ತಿ ಕಟ್ಟಿಕೊಂಡ ಮರಿಗಳು ಇನ್ನೂ ಕೆಲವು ವಾರ ಗರಸಿನೊಳಗೇ ಇರುತ್ತವೆ. ಬುತ್ತಿ ಮುಗಿಯುವುದು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ. ಆಗ ಅಂಗುಲದುದ್ದದ ಮರಿ ಮೇಲೆದ್ದು ಬರಲೇಬೇಕು, ಹೊಟ್ಟೆಪಾಡು ನೋಡಿಕೊಳ್ಳಲೇಬೇಕು.

ಬದುಕಿ ಉಳಿದವು ಎರಡೋ ಮೂರೋ ವರ್ಷ ಹಳ್ಳದಲ್ಲಿ ಬೆಳೆಯುತ್ತವೆ. ಮೈಪಕ್ಕದಲ್ಲಿ ಮಸಿಯ ಬೆರಳೊತ್ತಿದಂಥ ಗುರುತುಗಳಿರುವ ಪ್ರಾಯವಿದು. ಆಮೇಲೆ ಒಂದು ವಸಂತದಲ್ಲಿ ಕೆಲವು ಮೀನುಗಳ ಆ ಗುರುತು ಮಾಸಿ ಮೈಯೆಲ್ಲ ಬೆಳ್ಳಗಾಗುತ್ತದೆ. ಉಪ್ಪುನೀರು ತಾಳುವಂತೆ ಕಿವಿರು ಬದಲಾಗುತ್ತದೆ. ಅದುವರೆಗೆ ಹರಿವಿಗೆ ಎದುರಾಗಿ ನಿಲ್ಲುತ್ತಿದ್ದ ಮೀನು ಹರಿವಿನ ಜೊತೆ ಹೊರಡುತ್ತದೆ. ಇವು ಸ್ಮೋಲ್ಟ್. ಸಾಲ್ಮನ್ ಎಂಬ ಬಂಧುಮೀನಿನ ಹಾಗೆ ನಡುಗಡಲಿಗೆ ಹೋಗದೆ ಹೆಚ್ಚಾಗಿ ಅಳಿವೆ, ಕೊಲ್ಲಿ, ಕರಾವಳಿಯ ನೀರಲ್ಲೇ ಮೇಯುತ್ತವೆ. ಕೆಲವು ಅದೇ ಬೇಸಿಗೆಯ ಕೊನೆಗೆ ಅರ್ಧ ಕಿಲೋದೊಳಗಿನ ತೂಕದಲ್ಲಿ ಹಿಂದಿರುಗುತ್ತವೆ; ಸ್ಕಾಟ್ಲೆಂಡಿನವರು ಇವಕ್ಕೆ ಫಿನಕ್ ಎನ್ನುತ್ತಾರೆ. ಕೆಲವು ಒಂದು ಚಳಿಗಾಲ ಕಡಲಲ್ಲೇ ಕಳೆದು ದೊಡ್ಡವಾಗಿ ಬರುತ್ತವೆ. ಸಾಲ್ಮನ್ ಮೊಟ್ಟೆಯಿಟ್ಟ ಮೇಲೆ ಬಹುಪಾಲು ಸಾಯುತ್ತದೆ. ಟ್ರೌಟ್ ಹಾಗಲ್ಲ, ಬಸವಳಿದು ಮತ್ತೆ ಕಡಲಿಗಿಳಿದು ಮರುವರ್ಷ ಮತ್ತೆ ಬರಬಲ್ಲದು. ಇದನ್ನೆಲ್ಲ ಬರೆದಿಟ್ಟ ಕಡತ ಮೀನಿನ ಮೈಮೇಲೇ ಇದೆ. ಹುರುಪೆಯೊಂದನ್ನು ಭೂತಗನ್ನಡಿಯ ಕೆಳಗಿಟ್ಟರೆ ಮರದ ಕಾಂಡದಂತೆ ಉಂಗುರಗಳು ಕಾಣುತ್ತವೆ. ಹಳ್ಳದ ಬಡತನದ ವರ್ಷಗಳಲ್ಲಿ ಉಂಗುರಗಳು ಒತ್ತೊತ್ತಾಗಿ, ಕಡಲಿನ ಸುಗ್ಗಿಯ ವರ್ಷಗಳಲ್ಲಿ ಅಗಲವಾಗಿ, ಮೊಟ್ಟೆಯಿಟ್ಟ ವರ್ಷ ಅಂಚು ಸವೆದು ಗಾಯದಂತೆ. ಜಿ. ಹರ್ಬರ್ಟ್ ನಾಲ್ ಎಂಬಾತ ಇಂಥ ಹುರುಪೆಗಳನ್ನು ಓದಿಯೇ 1930ರಲ್ಲಿ ಸೀ ಟ್ರೌಟಿನ ಜೀವನವನ್ನು ಕುರಿತು ಒಂದು ಇಡೀ ಪುಸ್ತಕ ಬರೆದ.

ಈಗ ಲೆಕ್ಕಕ್ಕೆ ಬರೋಣ. ಬ್ಲ್ಯಾಕ್ ಬ್ರೌಸ್ ಬೆಕ್ಕಿಗೆ ಕಡಲಿನಿಂದ ಬರುವ ಹೆಣ್ಣುಗಳು ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಿಮೆ; ಹಾಗಾಗಿ ಬಿದ್ದ ಮೊಟ್ಟೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹಲವು ಪಟ್ಟು ಏರಿಳಿಯುತ್ತಿತ್ತು. ಮೊಟ್ಟೆ ಇಮ್ಮಡಿಯಾದ ವರ್ಷ ಬೆಳೆದ ಮೀನೂ ಇಮ್ಮಡಿಯಾಗಬೇಕಲ್ಲವೇ? ಆಗಲಿಲ್ಲ. ಮೊಟ್ಟೆಗಳು ತೀರ ಕಡಿಮೆಯಿದ್ದ ವರ್ಷ ಬೆಳೆದ ಮೀನೂ ಕಡಿಮೆ. ಮಧ್ಯಮವಾಗಿದ್ದ ವರ್ಷ ಅತಿ ಹೆಚ್ಚು. ಮೊಟ್ಟೆಗಳು ಅದಕ್ಕೂ ಮೀರಿದ ವರ್ಷ ಬೆಳೆದ ಮೀನು ಮತ್ತೆ ಇಳಿಮುಖ. ಕಾರಣ ಮರಿ ಗರಸಿನಿಂದೆದ್ದ ಮೊದಲ ಒಂದೆರಡು ತಿಂಗಳಲ್ಲಿದೆ. ಪ್ರತಿ ಮರಿಗೂ ಒಂದು ಕಲ್ಲಿನ ಹಿಂದೆ ಹರಿವು ಸಡಿಲವಾದ, ತಿನಿಸು ತೇಲಿಬರುವ ಒಂದು ನೆಲೆ ಬೇಕು. ಅಂಗುಲದುದ್ದದ ಮೀನಾದರೂ ಅಷ್ಟು ಜಾಗಕ್ಕಾಗಿ ರೆಕ್ಕೆ ಕೆದರಿ ಕಾದಾಡುತ್ತದೆ. ಸೋತದ್ದಕ್ಕೆ ನೆಲೆಯಿಲ್ಲ. ರಾತ್ರಿಯ ಹೊತ್ತು ನೀರಿನೊಡನೆ ಕೆಳಗೆ ಜಾರುವ ಇಂಥ ಮರಿಗಳನ್ನು ಎಲಿಯಟ್ ಹಿಡಿದು ನೋಡಿದರು. ಬಹುಪಾಲು ಉಪವಾಸದಿಂದ ಸೊರಗಿ ಸಾಯುವ ಸ್ಥಿತಿಯಲ್ಲಿದ್ದವು. ಮೊಟ್ಟೆ ಹೆಚ್ಚಾದಷ್ಟೂ ಈ ಸಾವಿನ ಗಡುವು ಬೇಗ ಬರುತ್ತದೆ. ಒತ್ತಾಗಿ ಬಿದ್ದ ರಾಗಿಯ ಪೈರಿಗೆ ನಮ್ಮ ಬಯಲುಸೀಮೆಯ ರೈತ ಕುಂಟೆ ಹಾಯಿಸಿ ತೆಳುಮಾಡುತ್ತಾನಲ್ಲ, ಹಳ್ಳವೂ ಪ್ರತಿ ಮೇ ತಿಂಗಳು ಹಾಗೊಂದು ಕುಂಟೆ ಹೊಡೆಯುತ್ತದೆ. ವ್ಯತ್ಯಾಸವಿಷ್ಟೇ: ರೈತ ನೋಡಿ ಕೈ ತಡೆಯುತ್ತಾನೆ, ಹಳ್ಳ ತಡೆಯುವುದಿಲ್ಲ.

ತುಂಬಿದ ಹಳ್ಳಕ್ಕೆ ಸಾವಿರಾರು ಮರಿ ತಂದು ಸುರಿದರೆ ಏನಾದೀತು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಇದು ಊಹೆಯಾಗಿ ಉಳಿಯದಂತೆ ಮಾಡಿದ್ದು ಅಮೆರಿಕದ ಮೊಂಟಾನಾ ರಾಜ್ಯ. ಅಲ್ಲಿ ಸಾಕಿ ಬೆಳೆಸಿದ ಟ್ರೌಟನ್ನು ಪ್ರತಿ ವರ್ಷ ಹೊಳೆಗಳಿಗೆ ಬಿಡುವುದು ದಶಕಗಳ ವಾಡಿಕೆ. ಡಿಕ್ ವಿನ್ಸೆಂಟ್ ಎಂಬ ಮೀನುಗಾರಿಕೆ ಅಧಿಕಾರಿ 1960ರ ದಶಕದ ಕೊನೆಗೆ ಒಂದು ಸರಳ ಪರೀಕ್ಷೆ ಹೂಡಿದರು. ಮ್ಯಾಡಿಸನ್ ಹೊಳೆಯ ಒಂದು ಭಾಗದಲ್ಲಿ ಬಿಡುವುದನ್ನು ನಿಲ್ಲಿಸಿದರು; ಹಿಂದೆ ಬಿಟ್ಟಿರದ ಓಡೆಲ್ ಎಂಬ ಹಳ್ಳದಲ್ಲಿ ಬಿಡತೊಡಗಿದರು. ನಿಲ್ಲಿಸಿದ ಕಡೆ ಕಾಡುಮೀನು ಇಮ್ಮಡಿಗೂ ಹೆಚ್ಚಾಯಿತು. ಬಿಡತೊಡಗಿದ ಕಡೆ ಅರ್ಧಕ್ಕೆ ಹತ್ತಿರವಾಗಿ ಕುಸಿಯಿತು. ಸಾಕುಮೀನು ಬಂದು ನೆಲೆ ಕದಡುತ್ತದೆ, ಇರುವ ಮೀನನ್ನು ಒಕ್ಕಲೆಬ್ಬಿಸುತ್ತದೆ, ಕೊನೆಗೆ ತಾನೂ ಉಳಿಯುವುದಿಲ್ಲ. ಗಾಳದವರೂ ಅಂಗಡಿಯವರೂ ಸಿಟ್ಟಾದರು. ಆದರೂ 1974ರಲ್ಲಿ, ತಾನಾಗಿ ಮೀನು ಹುಟ್ಟುವ ಹೊಳೆಗಳಿಗೆ ಸಾಕುಮೀನು ಬಿಡುವುದನ್ನು ಮೊಂಟಾನಾ ಕೈಬಿಟ್ಟಿತು. ಇವತ್ತಿಗೂ ಟ್ರೌಟ್ ಹಿಡಿಯುವವರು ಹುಡುಕಿಕೊಂಡು ಹೋಗುವ ರಾಜ್ಯ ಅದು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಎಲ್ಲ ಹಳ್ಳವೂ ತುಂಬಿದ ಹಳ್ಳವಲ್ಲವಲ್ಲ? ನಿಜ. ಎಲಿಯಟ್ಟರೇ ಅದೇ ಸೀಮೆಯ ವಿಲ್ಫಿನ್ ಬೆಕ್ ಎಂಬ ಇನ್ನೊಂದು ತೊರೆಯನ್ನೂ ಎಣಿಸಿದ್ದರು. ಅಲ್ಲಿದ್ದದ್ದು ಕಡಲಿಗೆ ಹೋಗದ, ಊರಲ್ಲುಳಿದ ಮೀನು. ಮೊಟ್ಟೆ ಕಡಿಮೆ, ಮೀನೂ ವಿರಳ. ಅಲ್ಲಿ ಜಾಗದ ಜಗಳದ ಕುಂಟೆ ಕಾಣಲಿಲ್ಲ. ಅಂದರೆ ಒಂದೇ ಸೀಮೆಯ, ಒಂದೇ ಪ್ರಭೇದದ ಎರಡು ತೊರೆಗಳಿಗೂ ಒಂದೇ ಸೂತ್ರ ಸಲ್ಲದು. ಇದು ಮರಿ ಬಿಡುವವರ ಪರವಾದ ಸಾಕ್ಷಿಯಂತೆ ಕಂಡರೂ ನನಗೆ ಹಾಗೆನಿಸುವುದಿಲ್ಲ. ಯಾವ ತೊರೆ ಯಾವ ಬಗೆಯದೆಂದು ತಿಳಿಯಲು ಎಣಿಕೆ ಬೇಕಾಯಿತು. ಮರಿ ಬಿಡುವವರು ಎಣಿಸಿ ಬಿಡುವುದು ಅಪರೂಪ. ಡಬ್ಬಿಗಳನ್ನು ಎಣಿಸುತ್ತಾರೆ, ಹೊಳೆಯನ್ನಲ್ಲ.

ಇನ್ನೊಂದು ಉತ್ತರ ಸಾಕುಮನೆಯೊಳಗೇ ಇದೆ. ಅಮೆರಿಕದ ಆರೆಗನ್ನಿನ ಹುಡ್ ಹೊಳೆಗೆ ಸ್ಟೀಲ್‌ಹೆಡ್ ಬರುತ್ತದೆ. ಸ್ಟೀಲ್‌ಹೆಡ್ ಎಂದರೆ ಶಾಂತಸಾಗರಕ್ಕೆ ಹೋಗಿಬರುವ ರೇನ್‌ಬೋ ಟ್ರೌಟ್. ಪ್ರಭೇದ ಬೇರೆ, ಬದುಕು ಇದೇ ಬಗೆಯದು. ಆ ಹೊಳೆಯ ಕೆಳಭಾಗದ ಅಣೆಕಟ್ಟೊಂದರಲ್ಲಿ ಪ್ರತಿ ಮೀನನ್ನೂ ಹಿಡಿದು ಹುರುಪೆ ತೆಗೆದು ಬಿಡುತ್ತಿದ್ದರಿಂದ ಯಾವ ಮೀನಿನ ಮಕ್ಕಳು ಯಾವುವೆಂದು ಅನುವಂಶಿಕವಾಗಿ ಹೇಳಲು ಸಾಧ್ಯವಾಯಿತು. ಅರಾಕಿ, ಕೂಪರ್, ಬ್ಲೂಯಿನ್ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗೆ: ತೊಟ್ಟಿಯಲ್ಲಿ ಸಾಕಿದ ಪ್ರತಿ ತಲೆಮಾರಿಗೂ, ಹೊಳೆಯಲ್ಲಿ ಮಕ್ಕಳನ್ನು ಪಡೆಯುವ ಶಕ್ತಿ ನೂರಕ್ಕೆ ನಲವತ್ತರಷ್ಟು ಇಳಿಯುತ್ತದೆ. ತೊಟ್ಟಿಯಲ್ಲಿ ಮೊಟ್ಟೆಗಳು ಅಷ್ಟಾಗಿ ಸಾಯುವುದಿಲ್ಲ, ಮರಿ ಹಸಿಯುವುದಿಲ್ಲ, ನೆಲೆಗೆ ಜಗಳವಿಲ್ಲ. ಹಳ್ಳದ ಕುಂಟೆ ಕಿತ್ತೊಗೆಯುತ್ತಿದ್ದ ಮರಿಯೂ ಅಲ್ಲಿ ದಷ್ಟಪುಷ್ಟವಾಗುತ್ತದೆ. ಸಾಕುಮನೆಯವರ ಅಜಾಗ್ರತೆಯಿಂದ ಆದದ್ದಲ್ಲ ಇದು. ಅವರು ಚೆನ್ನಾಗಿ ನೋಡಿಕೊಂಡದ್ದರಿಂದಲೇ ಆದದ್ದು.

ಇಷ್ಟು ಹಳ್ಳದ ಲೆಕ್ಕ. ಆದರೆ ವಲಸೆ ಟ್ರೌಟಿಗೆ ಇನ್ನೊಂದು ಬಾಗಿಲಿದೆ, ಅದು ಕಡಲಿನ ಕಡೆಯದು. ಐರ್ಲೆಂಡಿನ ಪಶ್ಚಿಮ ತೀರದ ಮೇಯೋ ಜಿಲ್ಲೆಯಲ್ಲಿ ಬರಿಶೂಲ್ ಎಂಬ ಜಲಾನಯನವಿದೆ. ಫೀಯಾ ಎಂಬ ಸಿಹಿನೀರಿನ ಕೆರೆಯಿಂದ ಫರ್ನೇಸ್ ಎಂಬ ಉಪ್ಪು ಬೆರೆತ ಕೆರೆಗೆ ನೀರು ಹರಿಯುವ ಎರಡೂ ಕಾಲುವೆಗಳಲ್ಲಿ ಬೋನುಗಳಿವೆ. 1970ರಿಂದ ಕೆಳಗಿಳಿದ ಪ್ರತಿ ಸ್ಮೋಲ್ಟನ್ನೂ ಮೇಲೆ ಬಂದ ಪ್ರತಿ ಮೀನನ್ನೂ ಅಲ್ಲಿ ಎಣಿಸುತ್ತಾರೆ. ಇಂಥ ಅಖಂಡ ಲೆಕ್ಕ ಜಗತ್ತಿನಲ್ಲಿ ಹೆಚ್ಚು ಕಡೆ ಇಲ್ಲ. ಹದಿನೇಳೆಂಟು ವರ್ಷ ಅದು ಏರಿಳಿಯುತ್ತಲೇ ಬಂತು: ಕಡಲಿಗೆ ಹೋದ ನೂರು ಮರಿಗಳಲ್ಲಿ ಅದೇ ವರ್ಷ ಮರಳಿದ್ದು ಕೆಟ್ಟ ವರ್ಷ ಹನ್ನೊಂದು, ಒಳ್ಳೆಯ ವರ್ಷ ಮೂವತ್ತಕ್ಕೂ ಮೇಲೆ. 1989ರಲ್ಲಿ ಮರಳಿದ್ದು ನೂರಕ್ಕೆ ಎರಡೂ ಇಲ್ಲ. ಪಕ್ಕದ ಕೊನೆಮಾರಾ ಸೀಮೆಯಲ್ಲಿ ಅದಕ್ಕೆ ಹಿಂದಿನ ವರ್ಷಗಳಲ್ಲಿ ಗಾಳಕ್ಕೆ ಬಿದ್ದ ಸೀ ಟ್ರೌಟ್ ವರ್ಷಕ್ಕೆ ಸರಾಸರಿ ಒಂಬತ್ತು ಸಾವಿರಕ್ಕೂ ಮೇಲಿತ್ತು. 1990ರಲ್ಲಿ ಮುನ್ನೂರೂ ಆಗಲಿಲ್ಲ. ಹಳ್ಳಗಳಲ್ಲಿ ಹಠಾತ್ತನೆ ಅಂಥದ್ದೇನೂ ಬದಲಾಗಿರಲಿಲ್ಲ. ಮೇ ತಿಂಗಳಲ್ಲಿ ಕಡಲಿಗೆ ಹೋದ ಮರಿಗಳು ಕೆಲವೇ ವಾರಗಳಲ್ಲಿ, ತೆಳ್ಳಗೆ ಕಡ್ಡಿಯಾಗಿ, ಬೆನ್ನಿನ ರೆಕ್ಕೆ ಹರಿದು, ಮೈತುಂಬ ಹೇನು ಹತ್ತಿಸಿಕೊಂಡು ಅಳಿವೆಗೆ ವಾಪಸು ಬಂದವು. ಈ ಕಡಲ ಹೇನು ಸಿಹಿನೀರಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ಮೀನು ಹೊತ್ತಲ್ಲದ ಹೊತ್ತಿನಲ್ಲಿ ಸಿಹಿನೀರಿನತ್ತ ಮುಖ ಮಾಡಿದ್ದು ಅದಕ್ಕೇ.

ಹೇನು ಹಳೆಯದೇ. ಹೊಸತಾದದ್ದು ಅದರ ಅನ್ನದ ತಟ್ಟೆ. ಮೊದಲು ಚಳಿಗಾಲದಲ್ಲಿ ಕರಾವಳಿಯ ಕೊಲ್ಲಿಗಳಲ್ಲಿ ಸಾಲ್ಮನ್ ಟ್ರೌಟ್ ವಿರಳ. ಹತ್ತಲು ಮೈ ಸಿಗದೆ ಹೇನಿನ ಸಂತತಿ ಇಳಿಯುತ್ತಿತ್ತು. 1980ರ ದಶಕದಲ್ಲಿ ಅದೇ ಕೊಲ್ಲಿಗಳಲ್ಲಿ ಸಾಲ್ಮನ್ನಿನ ಪಂಜರ ಕೃಷಿ ಹಬ್ಬಿತು. ಲಕ್ಷಾಂತರ ಮೀನು ವರ್ಷಪೂರ್ತಿ ಒಂದೇ ಕಡೆ. ವಸಂತದಲ್ಲಿ ಮರಿ ಟ್ರೌಟ್ ಇಳಿದು ಬರುವ ಹೊತ್ತಿಗೆ ಹೇನಿನ ಮರಿಗಳು ನೀರಲ್ಲಿ ತೇಲುತ್ತ ಕಾದಿರುತ್ತವೆ. ಹತ್ತಾರು ಗ್ರಾಮಿನ ಮರಿಗೆ ಒಂದು ಡಜನ್ ಹೇನು ಸಾಕು, ಚರ್ಮ ಕಿತ್ತು ದೇಹದ ಉಪ್ಪುನೀರಿನ ಸಮತೋಲ ಕೆಡುತ್ತದೆ. ಪಂಜರದವರು ಇದನ್ನು ಸುಮ್ಮನೆ ಒಪ್ಪಲಿಲ್ಲ. ಆ ವರ್ಷಗಳ ಚಳಿಗಾಲ ಬೆಚ್ಚಗಿತ್ತು, ಬೇಸಿಗೆ ಒಣಗಿತ್ತು, ಕಡಲಿನ ಆಹಾರ ಕೈಕೊಟ್ಟಿರಬಹುದು ಎಂದರು. ಬೆಚ್ಚನೆಯ ನೀರಿನಲ್ಲಿ ಹೇನು ಬೇಗ ಬೆಳೆಯುತ್ತದೆ, ಆ ಮಾತಿನಲ್ಲಿ ಹುರುಳಿದೆ. ಆದರೆ ಹವೆ ಎಲ್ಲ ತೀರಕ್ಕೂ ಒಂದೇ. ಕುಸಿತ ಮಾತ್ರ ಎಲ್ಲ ಕಡೆ ಒಂದೇ ಬಗೆಯದಾಗಿರಲಿಲ್ಲ. ಹತ್ತಾರು ಅಳಿವೆಗಳಲ್ಲಿ ಮರಿಗಳ ಮೈಮೇಲಿನ ಹೇನನ್ನು ಎಣಿಸಿದಾಗ ಪಂಜರ ಹತ್ತಿರವಿದ್ದಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ. ಹೇನಿನ ಮದ್ದು ತಿನ್ನಿಸಿ ಬಿಟ್ಟ ಸಾಲ್ಮನ್ ಮರಿಗಳು, ಮದ್ದಿಲ್ಲದೆ ಬಿಟ್ಟ ಮರಿಗಳಿಗಿಂತ ಒಟ್ಟಿನಲ್ಲಿ ಹೆಚ್ಚಾಗಿ ಮರಳಿದವು. ಎಷ್ಟು ಹೆಚ್ಚು ಎಂಬುದರ ಮೇಲೆ ವಿಜ್ಞಾನಿಗಳಲ್ಲಿ ಜಟಾಪಟಿ ನಡೆದೇ ಇದೆ. ಹೇನೊಂದೇ ಕಾರಣವೆಂದು ಹೇಳಲಾರೆ. ಆದರೆ ನಾರ್ವೆಯಂಥ, ಸಾಲ್ಮನ್ ಸಾಕಿ ಬಹಳ ಹಣ ಮಾಡಿದ ದೇಶ 2017ರಿಂದ ತನ್ನ ಕರಾವಳಿಯನ್ನು 13 ವಲಯಗಳಾಗಿ ಹಂಚಿ, ಕಾಡುಮೀನಿಗೆ ಹೇನಿನಿಂದಾಗುವ ಹಾನಿ ನೋಡಿ ಹಸಿರು, ಹಳದಿ, ಕೆಂಪು ದೀಪದ ಲೆಕ್ಕದಲ್ಲಿ ಪಂಜರ ಹೆಚ್ಚಿಸಲು ಬಿಡುತ್ತದೆ, ಇಲ್ಲವೇ ತಗ್ಗಿಸಲು ಹೇಳುತ್ತದೆ. ತಮಾಷೆಗೆ ಯಾರೂ ಹಾಗೆ ಕಾನೂನು ಮಾಡುವುದಿಲ್ಲ.

ಬರಿಶೂಲಿನ ಹಳ್ಳಗಳಿಗೆ ಆಗ ಮರಿ ತಂದು ಸುರಿದಿದ್ದರೆ ಅವೂ ಅದೇ ಅಳಿವೆಗೆ ಇಳಿದು ಅದೇ ಹೇನಿಗೆ ಸಿಗುತ್ತಿದ್ದವು, ಇದು ಯಾರಿಗೂ ಹೊಳೆಯುವ ಮಾತು. ಅದಕ್ಕಿಂತ ಸೂಕ್ಷ್ಮವಾದ ಆಕ್ಷೇಪ ಇನ್ನೊಂದಿದೆ. ಸೀ ಟ್ರೌಟ್ ಬೇರೆ ಪ್ರಭೇದವೇ ಅಲ್ಲವೆಂದಮೇಲೆ, ಹಳ್ಳದಲ್ಲಿ ಬ್ರೌನ್ ಟ್ರೌಟ್ ಉಳಿದಿದೆಯೆಂದಮೇಲೆ, ಕಳೆದುಕೊಂಡದ್ದೇನು? ಕಡಲು ಸರಿಹೋದ ದಿನ ಅವೇ ಮತ್ತೆ ಇಳಿದಾವಲ್ಲ? ಮೊದಲನೆಯ ಪ್ರಶ್ನೆಗೆ ಉತ್ತರ ಮೊಟ್ಟೆಯ ಲೆಕ್ಕದಲ್ಲಿದೆ. ಹೆಣ್ಣು ಟ್ರೌಟ್ ಕಿಲೋ ತೂಕಕ್ಕೆ ಒಂದೂವರೆ ಎರಡು ಸಾವಿರ ಮೊಟ್ಟೆಗಳನ್ನಿಡುತ್ತದೆ. ಬಡ ಹಳ್ಳದಲ್ಲಿ ಉಳಿದ ಹೆಣ್ಣು ನೂರೈವತ್ತು ಗ್ರಾಮಿಗೆ ನಿಂತರೆ ಇನ್ನೂರಿಪ್ಪತ್ತೈದರಿಂದ ಮುನ್ನೂರು ಮೊಟ್ಟೆ. ಕಡಲಿಂದ ಬಂದದ್ದಕ್ಕೆ ಸಾವಿರಗಳ ಲೆಕ್ಕ. ವಲಸೆ ಹೋಗುವವುಗಳಲ್ಲಿ ಹೆಣ್ಣು ಹೆಚ್ಚಿರುವುದೂ ಇದಕ್ಕೇ. ಗಂಡಿಗೆ ಕದ್ದಾದರೂ ಕೆಲಸವಾಗುತ್ತದೆ, ಹೆಣ್ಣಿಗೆ ಗಾತ್ರವೇ ಬೇಕು. ಜೊತೆಗೆ ಹಳ್ಳ ಬತ್ತಿ ನೀರು 25 ಡಿಗ್ರಿಯ ಹತ್ತಿರ ಕಾದ ಬರಗಾಲದಲ್ಲಿ ಹಳ್ಳದ ಟ್ರೌಟೆಲ್ಲ ಒಟ್ಟಿಗೆ ಸಾಯಬಹುದು. ಆಗ ಕಡಲಲ್ಲಿ ಮೇಯುತ್ತಿರುವ ಪಾಲು ಉಳಿದಿರುತ್ತದೆ. ಅದಿಲ್ಲವಾದಾಗ ಬರಿಶೂಲಿನಲ್ಲಿ ಬಿದ್ದ ಮೊಟ್ಟೆಗಳೂ ಇಳಿದವು, ಕೆಳಗಿಳಿಯುವ ಸ್ಮೋಲ್ಟುಗಳೂ ಇಳಿದವು, ಮೊದಲಿನ ಮಟ್ಟಕ್ಕೆ ಮರಳಲಿಲ್ಲ. ಎರಡನೆಯ ಪ್ರಶ್ನೆ, ಮತ್ತೆ ಇಳಿದಾವೇ ಎಂಬುದು, ಇನ್ನೂ ಕುತೂಹಲದ್ದು. ಐರ್ಲೆಂಡಿನ ಟ್ರೌಟ್ ಮರಿಗಳನ್ನು ತೊಟ್ಟಿಗಳಲ್ಲಿಟ್ಟು ಮಾಡಿದ ಪ್ರಯೋಗದಲ್ಲಿ ಮೇವು ಕಡಿಮೆ ಕೊಟ್ಟವು ಹೆಚ್ಚಾಗಿ ಬೆಳ್ಳಗಾದವು. ನೀರು ಬೆಚ್ಚಗಾದಲ್ಲಿ ವಲಸೆಯ ಒಲವು ತಗ್ಗಿತು. ಹಸಿವೆಯೇ ಮೀನನ್ನು ಹೊರಗಟ್ಟುತ್ತದೆ. ಆದರೆ ಕಡಲಿಗೆ ಹೋದವು ತಲೆಮಾರಿನಿಂದ ತಲೆಮಾರಿಗೆ ಸಾಯುತ್ತಲೇ ಇದ್ದರೆ ಮನೆಯಲ್ಲೇ ಉಳಿಯುವ ಗುಣದ ಮೀನು ಮಾತ್ರ ಸಂತಾನ ಬಿಡುತ್ತದೆ. ಟಾಸ್ಮೇನಿಯಾ ಮತ್ತು ಫಾಕ್‌ಲ್ಯಾಂಡುಗಳ ಸಾಕ್ಷಿ ಆಸೆ ಹುಟ್ಟಿಸುತ್ತದೆ, ಎಷ್ಟು ಕಾಲಕ್ಕೆ ಎಂದು ಹೇಳುವುದಿಲ್ಲ.

ಕಾಲದ ಉತ್ತರ ಸ್ವಲ್ಪಮಟ್ಟಿಗೆ ಕೊಟ್ಟದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲ್ವಾ ಹೊಳೆ. 1913ರಲ್ಲೂ 1927ರಲ್ಲೂ ಅದಕ್ಕೆ ಮೀನುದಾರಿಯಿಲ್ಲದ ಎರಡು ಅಣೆಕಟ್ಟು ಕಟ್ಟಿದರು. ಮೇಲಿನ ನೀರಲ್ಲಿ ಸಿಕ್ಕಿಬಿದ್ದ ರೇನ್‌ಬೋ ಟ್ರೌಟ್ ಸುಮಾರು ನೂರು ವರ್ಷ ಕಡಲಿನ ಮುಖ ಕಾಣಲಿಲ್ಲ. 2011ರಲ್ಲಿ ಒಡೆಯಲು ತೊಡಗಿ 2014ಕ್ಕೆ ಎರಡೂ ಅಣೆಕಟ್ಟು ನೆಲಸಮವಾದವು. ಆಮೇಲಿನ ಕೆಲವೇ ವರ್ಷಗಳಲ್ಲಿ, ಬೇಸಿಗೆಯಲ್ಲಿ ಹೊಳೆ ಏರುವ ಸ್ಟೀಲ್‌ಹೆಡ್ ಮೇಲಿನ ಹೊಳೆಯಲ್ಲಿ ಕಾಣಿಸಿಕೊಂಡಿತು. ಅವುಗಳ ಅನುವಂಶಿಕ ನಂಟು ಕಟ್ಟೆಯ ಮೇಲೆ ಸಿಕ್ಕಿಬಿದ್ದಿದ್ದ ಟ್ರೌಟಿನ ಜೊತೆಗೇ ಇತ್ತು. ಕಡಲಿನ ನೆನಪು ಎನ್ನುವುದು ಕಾವ್ಯದ ಮಾತಾದೀತು. ಆ ಗುಣ ರಕ್ತದಲ್ಲಿ ಉಳಿದಿತ್ತು ಎಂದರೆ ಸಾಕು. ಹಾಗೆಂದು ಎಲ್ಲ ಅಣೆಕಟ್ಟು ಒಡೆಯಿರಿ ಎಂದು ಯಾರೂ ಹೇಳಲಾರರು. ಸ್ವೀಡನ್ನಿನ ಎಷ್ಟೋ ಹೊಳೆಗಳಲ್ಲಿ ವಿದ್ಯುತ್ತಿಗಾಗಿ ಕಟ್ಟೆ ಬಂದು ಗರಸುಕಲ್ಲಿನ ನೆಲೆಗಳೇ ಮುಳುಗಿದವು. ಅಲ್ಲಿ ನಷ್ಟಕ್ಕೆ ಪರಿಹಾರವಾಗಿ ವರ್ಷವರ್ಷವೂ ಸ್ಮೋಲ್ಟ್ ಸಾಕಿ ಬಿಡುವಂತೆ ನ್ಯಾಯಾಲಯಗಳೇ ವಿಧಿಸಿವೆ. ಅಂಥಲ್ಲಿ ಮರಿ ಬಿಡದಿದ್ದರೆ ಮೀನೇ ಇಲ್ಲ, ಒಪ್ಪಬೇಕು. ಆದರೆ ಅದು ಆಸ್ಪತ್ರೆಯ ನಳಿಗೆಯಲ್ಲಿ ಉಣ್ಣಿಸುವುದು. ನಳಿಗೆ ತೆಗೆದ ವರ್ಷ ಮೀನು ನಿಲ್ಲುತ್ತದೆ. ಅದನ್ನು ಹೊಳೆಯ ಚೇತರಿಕೆಯೆಂದು ವರದಿ ಬರೆಯಬಾರದು.

ಇದೆಲ್ಲ ಶೀತದೇಶದ ಮೀನಿನ ಕತೆ, ನಮಗೇನು ಎಂದು ಕೇಳುವವರಿಗೆ ಕಾವೇರಿಯನ್ನು ತೋರಿಸಬಹುದು. ಕಿತ್ತಳೆ ರೆಕ್ಕೆಯ, ಬೆನ್ನು ಡುಬ್ಬವಾದ, 50 ಕಿಲೋ ಮೀರಿ ಬೆಳೆಯುವ ಮಹಶೀರ್ ಕಾವೇರಿ ಜಲಾನಯನದಲ್ಲಿ ಮಾತ್ರ ಇರುವ ಮೀನು. ಹೊಳೆಯಲ್ಲಿ ಮಹಶೀರ್ ಕಡಿಮೆಯಾಯಿತೆಂದು ದಶಕಗಳ ಹಿಂದೆ ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಇನ್ನೊಂದು ಮಹಶೀರಿನ ಮರಿಗಳನ್ನು ಇಲ್ಲಿ ತಂದು ಬಿಟ್ಟರು. ಹಿಡಿದು ಬಿಡುವ ಗಾಳದವರು 1998ರಿಂದ 2012ರವರೆಗೆ ಕಾವೇರಿ ದಂಡೆಯ ಗಾಲಿಬೋರೆಯ ಕಡೆ ಬರೆದಿಟ್ಟ ದಾಖಲೆಗಳನ್ನು ಸಂಶೋಧಕರು ಕೂಡಿಸಿ ನೋಡಿದಾಗ ನೀಲಿ ರೆಕ್ಕೆಯದು ಏರುತ್ತಲೇ ಹೋಗಿತ್ತು, ಡುಬ್ಬದ ಮಹಶೀರ್ ಇಳಿಯುತ್ತಲೇ ಬಂದಿತ್ತು. ಮೀನು ಹೆಚ್ಚಾಯಿತು ಎಂದವರು ಸುಳ್ಳು ಹೇಳಲಿಲ್ಲ. ಯಾವ ಮೀನು ಎಂದು ಕೇಳಿರಲಿಲ್ಲ, ಅಷ್ಟೇ. ಆ ಡುಬ್ಬದ ಮಹಶೀರಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅಳಿವಿನ ಅಂಚಿನ ಕೆಂಪುಪಟ್ಟಿಯ ತುದಿಯ ವರ್ಗಕ್ಕೆ ಅದು ಸೇರಿದ್ದೂ ಅದೇ ವರ್ಷ.